ಸೆಮೆನ್ಯಾ ಓಡಿದ ಟ್ರ್ಯಾಕ್, ಅಲೆದ ಕೋರ್ಟು

2009ರ ಆಗಸ್ಟ್ 19, ಬರ್ಲಿನ್. ವಿಶ್ವ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್‌ನ ಮಹಿಳೆಯರ 800 ಮೀಟರ್ ಫೈನಲ್. ದಕ್ಷಿಣ ಆಫ್ರಿಕಾದ ಲಿಂಪೊಪೊ ಪ್ರಾಂತ್ಯದ ಹಳ್ಳಿಯಿಂದ ಬಂದ 18 ವರ್ಷದ ಕ್ಯಾಸ್ಟರ್ ಸೆಮೆನ್ಯಾ ಕೊನೆಯ ಸುತ್ತಿನಲ್ಲಿ ವೇಗ ಹೆಚ್ಚಿಸಿದ ಮೇಲೆ ಯಾರ ಕೈಗೂ ಸಿಗಲಿಲ್ಲ. ಸಮಯ 1 ನಿಮಿಷ 55.45 ಸೆಕೆಂಡ್. ಎರಡನೇ ಸ್ಥಾನ ಪಡೆದ ಕೀನ್ಯಾದ ಓಟಗಾರ್ತಿ ಎರಡು ಸೆಕೆಂಡಿಗೂ ಜಾಸ್ತಿ ಹಿಂದಿದ್ದರು. ಆದರೆ ಪತ್ರಿಕಾಗೋಷ್ಠಿಗೆ ಚಾಂಪಿಯನ್ ಬರಲಿಲ್ಲ. ಅವರ ಬದಲು ಬಂದು ಕೂತವರು ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಒಕ್ಕೂಟದ ಅಧಿಕಾರಿ. ಸೆಮೆನ್ಯಾಗೆ ಲಿಂಗ ಪರೀಕ್ಷೆ ನಡೆಯುತ್ತಿದೆ ಅನ್ನುವ ಸುದ್ದಿ ಫೈನಲ್‌ಗೆ ಕೆಲವೇ ಗಂಟೆ ಮುಂಚೆ ಹೊರಬಿದ್ದಿತ್ತು.

ಈ ಕಥೆ ಶುರುವಾದದ್ದು ಅವರಿಂದಲ್ಲ. 1966ರಲ್ಲಿ ಬುಡಾಪೆಸ್ಟ್‌ನ ಯುರೋಪಿಯನ್ ಕೂಟಕ್ಕೆ ಬಂದ ಹೆಣ್ಣುಮಕ್ಕಳು ವೈದ್ಯರ ಮುಂದೆ ಬಟ್ಟೆ ಬಿಚ್ಚಿ ನಿಲ್ಲಬೇಕಾಯಿತು. 1968ರಲ್ಲಿ ಒಲಿಂಪಿಕ್ಸ್‌ಗೆ ಕ್ರೋಮೋಸೋಮ್ ಪರೀಕ್ಷೆ ಬಂತು. 1985ರಲ್ಲಿ ಆ ಪರೀಕ್ಷೆಗೆ ಸಿಕ್ಕಿಬಿದ್ದವರು ಸ್ಪೇನಿನ ಹರ್ಡಲ್ಸ್ ಓಟಗಾರ್ತಿ ಮರಿಯಾ ಹೊಸೆ ಮಾರ್ಟಿನೆಜ್ ಪಟಿನ್ಯೊ. ಕ್ರೋಮೋಸೋಮ್ ಎಕ್ಸ್‌ವೈ, ಸಾಮಾನ್ಯವಾಗಿ ಗಂಡಸರಲ್ಲಿ ಇರುವಂಥದ್ದು, ಆದರೆ ಗಂಡಸರ ಹಾರ್ಮೋನ್ ಅನ್ನುವ ಟೆಸ್ಟೋಸ್ಟೆರಾನ್ ಅವರ ಮೈಗೆ ನಾಟುತ್ತಲೇ ಇರಲಿಲ್ಲ. ಅಂದರೆ ಅದರಿಂದ ಓಟಕ್ಕೆ ಯಾವ ಲಾಭವೂ ಇರಲಿಲ್ಲ. ಆದರೂ ದಾಖಲೆ, ವಿದ್ಯಾರ್ಥಿವೇತನ ಎರಡೂ ಹೋದವು. ಅವರು ಹೋರಾಡಿ 1988ರಲ್ಲಿ ಟ್ರ್ಯಾಕಿಗೆ ವಾಪಸ್ ಬಂದರು. 1999ರ ಹೊತ್ತಿಗೆ ಎಲ್ಲರಿಗೂ ಕಡ್ಡಾಯವಾಗಿದ್ದ ಪರೀಕ್ಷೆ ನಿಂತಿತು.

ಅನುಮಾನ ಮಾತ್ರ ನಿಲ್ಲಲಿಲ್ಲ. 2006ರ ದೋಹಾ ಏಷ್ಯನ್ ಗೇಮ್ಸ್‌ನಲ್ಲಿ ನಮ್ಮ ಪಕ್ಕದ ತಮಿಳುನಾಡಿನ ಶಾಂತಿ ಸೌಂದರಾಜನ್ ಇದೇ 800 ಮೀಟರ್‌ನಲ್ಲಿ ಬೆಳ್ಳಿ ಗೆದ್ದರು. ಪರೀಕ್ಷೆಯ ನಂತರ ಪದಕ ಕಿತ್ತುಕೊಂಡರು. ಇಟ್ಟಿಗೆ ಗೂಡಿನ ಕೂಲಿಕಾರರ ಮಗಳು ಮುಂದೆ ಅದೇ ಕೆಲಸಕ್ಕೆ ಹೋಗಬೇಕಾಯಿತು. ಆ ಪದಕ ಇವತ್ತಿಗೂ ವಾಪಸ್ ಬಂದಿಲ್ಲ. ಸೆಮೆನ್ಯಾ ಬಗ್ಗೆ ಮಾತಾಡುವಾಗಲೆಲ್ಲ ಶಾಂತಿ ಅವರನ್ನೂ ನೆನೆಯಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ.

2011ರಲ್ಲಿ ಹೊಸ ನಿಯಮ ಬಂತು. ಮಹಿಳೆಯರ ವಿಭಾಗದಲ್ಲಿ ಓಡಬೇಕಾದರೆ ರಕ್ತದಲ್ಲಿ ಟೆಸ್ಟೋಸ್ಟೆರಾನ್ ಲೀಟರಿಗೆ 10 ನ್ಯಾನೊಮೋಲ್‌ಗಿಂತ ಕಡಿಮೆ ಇರಬೇಕು. ಸಾಮಾನ್ಯವಾಗಿ ಹೆಂಗಸರಲ್ಲಿ ಅದು 2ಕ್ಕಿಂತ ಕಡಿಮೆ ಇರುತ್ತದೆ. ಸಹಜವಾಗಿಯೇ ಆ ಮಟ್ಟ ಜಾಸ್ತಿಯಿದ್ದ ಸೆಮೆನ್ಯಾ ಅದನ್ನು ಇಳಿಸಲು ಗರ್ಭನಿರೋಧಕ ಮಾತ್ರೆ ನುಂಗಿದರು. ಹೊಟ್ಟೆನೋವು, ಜ್ವರ ಬಂದವು, ತೂಕ ಏರಿತು ಅಂತ ಅವರೇ ಹೇಳಿಕೊಂಡಿದ್ದಾರೆ. ಆರೋಗ್ಯವಾಗಿದ್ದ ಹೆಣ್ಣುಮಗಳು ಓಡೋದಕ್ಕಾಗಿ ಔಷಧಿ ತಗೊಂಡು ಕಾಯಿಲೆ ಬೀಳಬೇಕು! 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಅವರಿಗೆ ಬೆಳ್ಳಿ ಬಂತು. ಚಿನ್ನ ಗೆದ್ದಿದ್ದ ರಷ್ಯಾದ ಮರಿಯಾ ಸವಿನೋವಾ ಡೋಪಿಂಗ್‌ನಲ್ಲಿ ಸಿಕ್ಕಿಬಿದ್ದ ಮೇಲೆ ಆ ಚಿನ್ನ ಸೆಮೆನ್ಯಾ ಪಾಲಾಯಿತು.

ಆ ನಿಯಮ ಅಲುಗಾಡಿದ್ದು ಒಡಿಶಾದ ಓಟಗಾರ್ತಿ ದ್ಯುತಿ ಚಾಂದ್ ಅವರಿಂದ. ಅವರ ದೂರಿನ ಮೇಲೆ 2015ರಲ್ಲಿ ಸ್ವಿಟ್ಜರ್ಲೆಂಡ್‌ನಲ್ಲಿರುವ ಕ್ರೀಡಾ ನ್ಯಾಯಮಂಡಳಿ ನಿಯಮವನ್ನು ತಡೆಹಿಡಿದು, ಪುರಾವೆ ತನ್ನಿ ಅಂತ ಒಕ್ಕೂಟಕ್ಕೆ ಎರಡು ವರ್ಷ ಗಡುವು ಕೊಟ್ಟಿತು. ಮಾತ್ರೆ ಬಿಟ್ಟ ಸೆಮೆನ್ಯಾ 2016ರಲ್ಲಿ ರಿಯೊದಲ್ಲಿ ಚಿನ್ನ ಗೆದ್ದರು. 2018ರಲ್ಲಿ ಪ್ಯಾರಿಸ್‌ನಲ್ಲಿ 1:54.25 ಓಡಿದರು. ಅದೇ ಅವರ ಅತ್ಯುತ್ತಮ ಸಮಯ.

ಪಕ್ಕದ ಲೇನ್‌ನಲ್ಲಿ ಓಡಿ ನಾಲ್ಕನೆಯವರೋ ಐದನೆಯವರೋ ಆದವರ ನೋವೂ ಸುಳ್ಳಲ್ಲ. ಮಹಿಳೆಯರ ವಿಭಾಗ ಅಂತ ಬೇರೆ ಇರುವುದೇ ಅವರಿಗೆ ನ್ಯಾಯ ಸಿಗಲಿ ಅಂತ. ಆದರೆ 2018ರ ನಿಯಮ ನೋಡಿ: 400 ಮೀಟರ್‌ನಿಂದ ಒಂದು ಮೈಲಿವರೆಗಿನ ಓಟಗಳಿಗೆ ಮಾತ್ರ, ಮಿತಿ 5 ನ್ಯಾನೊಮೋಲ್. ಸೆಮೆನ್ಯಾ ಓಡುತ್ತಿದ್ದ ಓಟಗಳೇ ಅವು. ಅದಕ್ಕೆ ಆಧಾರವಾಗಿದ್ದ ಅಧ್ಯಯನ ಕಾರಣ ಮತ್ತು ಪರಿಣಾಮದ ಸಂಬಂಧವನ್ನು ಸಾಬೀತು ಮಾಡುವುದಿಲ್ಲ ಅಂತ 2021ರಲ್ಲಿ ತಿದ್ದುಪಡಿಯೂ ಪ್ರಕಟವಾಯಿತು. ನಿಯಮ ಮಾತ್ರ ಉಳಿಯಿತು. 2019ರ ಮೇ 1ರಂದು ನ್ಯಾಯಮಂಡಳಿ 2-1 ಬಹುಮತದಲ್ಲಿ, ಇದು ತಾರತಮ್ಯ ಹೌದು, ಆದರೂ ಅಗತ್ಯ ಅಂತ ತೀರ್ಪು ಕೊಟ್ಟಿತ್ತು. ಎರಡು ದಿನ ಬಿಟ್ಟು ಸೆಮೆನ್ಯಾ ದೋಹಾದಲ್ಲಿ 1:54.98ರಲ್ಲಿ ಗೆದ್ದರು.

ಇನ್ನು ಮಾತ್ರೆ ತಗೊಳ್ಳಲ್ಲ ಅಂತ ಅವರು 5,000 ಮೀಟರ್‌ಗೆ ಹೋದರು. 2022ರ ವಿಶ್ವ ಕೂಟದಲ್ಲಿ ಹೀಟ್ಸ್ ದಾಟಲಾಗಲಿಲ್ಲ. 2023ರಲ್ಲಿ ಒಕ್ಕೂಟ ನಿಯಮವನ್ನು ಎಲ್ಲ ಸ್ಪರ್ಧೆಗಳಿಗೂ ಹಬ್ಬಿಸಿ ಮಿತಿಯನ್ನು 2.5ಕ್ಕೆ ಇಳಿಸಿದ್ದರಿಂದ ಆ ಬಾಗಿಲೂ ಮುಚ್ಚಿತು. 2025ರ ಜುಲೈನಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದ ಮಹಾಪೀಠ, ಸ್ವಿಟ್ಜರ್ಲೆಂಡ್‌ನ ಕೋರ್ಟು 2019ರ ಆ ತೀರ್ಪಿನ ಮೇಲಿನ ಅವರ ಅಹವಾಲನ್ನು ಸರಿಯಾಗಿ ವಿಚಾರಣೆ ಮಾಡಿಲ್ಲ ಅಂತ ಹೇಳಿತು. ನಿಯಮ ಸರಿಯೋ ತಪ್ಪೋ ಅನ್ನುವುದನ್ನು ಹೇಳಲಿಲ್ಲ.

ಅದೇ ವರ್ಷದ ಸೆಪ್ಟೆಂಬರ್‌ನಿಂದ ವಿಶ್ವಮಟ್ಟದ ಮಹಿಳಾ ವಿಭಾಗದಲ್ಲಿ ಸ್ಪರ್ಧಿಸುವ ಪ್ರತಿಯೊಬ್ಬರಿಗೂ ಎಸ್‌ಆರ್‌ವೈ ಜೀನ್ (ವೈ ಕ್ರೋಮೋಸೋಮ್‌ನಲ್ಲಿರುವ, ಗಂಡು ಲಕ್ಷಣಗಳ ಬೆಳವಣಿಗೆ ಶುರು ಮಾಡುವ ಜೀನ್) ಪರೀಕ್ಷೆ ಕಡ್ಡಾಯವಾಗಿದೆ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲೂ ಇದೇ ಜೀನ್ ಹುಡುಕಿದ್ದರು. 8 ಮಂದಿಯಲ್ಲಿ ಸಿಕ್ಕಿತ್ತು. ಆ ಎಂಟೂ ಜನರಿಗೆ ಸ್ಪರ್ಧಿಸಲು ಅವಕಾಶ ಕೊಟ್ಟಿದ್ದರು.