ಪಕ್ಕದ ಮನೆಯ ಡೇನರು ನಮ್ಮನ್ನೇಕೆ ಒಳಗೆ ಕರೆಯುವುದಿಲ್ಲ?

ಪ್ರಶ್ನೆ: ಪತಿಯ ಉದ್ಯೋಗದ ಕಾರಣ ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್‌ಗೆ ಬಂದು ವರ್ಷ ಕಳೆಯಿತು. ಮೆಟ್ಟಿಲಲ್ಲಿ ಎದುರಾದಾಗ ಪಕ್ಕದ ಮನೆಯವರು ನಗುತ್ತಾರೆ, ‘ಹಾಯ್’ ಎನ್ನುತ್ತಾರೆ, ಅಷ್ಟೇ. ದೀಪಾವಳಿಗೆ ಸಿಹಿ ಕೊಟ್ಟು ಬಂದೆವು. ಧನ್ಯವಾದ ಹೇಳಿ ಬಾಗಿಲು ಹಾಕಿಕೊಂಡರು. ಹೊರದೇಶದವರೆಂದು ನಮ್ಮನ್ನು ದೂರ ಇಡುತ್ತಿದ್ದಾರೆಯೇ?

ಉತ್ತರ: ಬಹುಮಟ್ಟಿಗೆ ಅಲ್ಲ. ಬಾಡಿಗೆ ಮನೆಯನ್ನೋ ಕೆಲಸವನ್ನೋ ಕೇಳಿಕೊಂಡು ಹೋದಾಗ ಹೆಸರು ನೋಡಿಯೇ ಹಿಂದೆ ಸರಿಯುವವರು ಅಲ್ಲಿಯೂ ಇದ್ದಾರೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ನೀವು ಹೇಳುವ ಆ ಬಾಗಿಲು ದೇಶದ ಪಶ್ಚಿಮ ಭಾಗವಾದ ಯೂಲೆಂಡಿನ ಹಳ್ಳಿಯಿಂದ ರಾಜಧಾನಿಗೆ ಬಂದ ಡೇನರಿಗೂ ಥಟ್ಟನೆ ತೆರೆಯುವುದಿಲ್ಲ.

ಇದರ ಬೇರು ಶಾಲೆಯಲ್ಲಿದೆ. ಆರನೆಯ ವಯಸ್ಸಿನ ಆಸುಪಾಸಿನಲ್ಲಿ ‘ಸೊನ್ನೆಯ ತರಗತಿ’ಗೆ ಸೇರುವ ಮಕ್ಕಳು ಸಾಮಾನ್ಯವಾಗಿ ಒಂಬತ್ತನೆಯ ತರಗತಿಯವರೆಗೂ ಅದೇ ಸಹಪಾಠಿಗಳ ಜೊತೆಗೇ ಬೆಳೆಯುತ್ತಾರೆ. ಮೂವತ್ತು ದಾಟುವ ಹೊತ್ತಿಗೆ ಅವರ ಗೆಳೆಯರ ಬಳಗ ಭರ್ತಿಯಾಗಿರುತ್ತದೆ. ಹೊಸಬರನ್ನು ಬೇಡವೆನ್ನುವುದಿಲ್ಲ, ಬೇಕು ಎಂದು ಅನಿಸುವುದೂ ಇಲ್ಲ. ಪೂರ್ಣಾವಧಿ ನೌಕರಿ ಎಂದರೆ ವಾರಕ್ಕೆ 37 ಗಂಟೆ. ನಾಲ್ಕು ಗಂಟೆಯ ಹೊತ್ತಿಗೆ ಶಿಶುವಿಹಾರದಿಂದ ಮಕ್ಕಳನ್ನು ಕರೆತರುವ ಧಾವಂತ, ಆರಕ್ಕೆ ರಾತ್ರಿಯೂಟ. ಸ್ನೇಹಿತರನ್ನು ಊಟಕ್ಕೆ ಕರೆಯುವುದಾದರೂ ಮೂರು ನಾಲ್ಕು ವಾರ ಮೊದಲೇ ದಿನ ಗೊತ್ತುಮಾಡಿಕೊಳ್ಳುತ್ತಾರೆ. ಹೇಳದೆ ಕೇಳದೆ ಬಂದವರ ಕೈಯಲ್ಲಿ ಮೈಸೂರು ಪಾಕ್ ಇದ್ದರೂ ಮನೆಯವರು ತಬ್ಬಿಬ್ಬಾಗುತ್ತಾರೆ. ಯಾವ ಊರು, ಮಕ್ಕಳೆಷ್ಟು ಎಂದು ವಿಚಾರಿಸದವರು ನಮ್ಮಲ್ಲಿ ಬಿಗುಮಾನದವರು. ಅಲ್ಲಿ ವಿಚಾರಿಸಿದವರು ಅತಿಪ್ರಸಂಗಿಗಳು.

ಹಾಗಾದರೆ ಅವರು ಹೊಸಬರೊಡನೆ ಬೆರೆಯುವುದೇ ಇಲ್ಲವೇ? ಧಾರಾಳವಾಗಿ ಬೆರೆಯುತ್ತಾರೆ, ಆದರೆ ಸಂಘಗಳಲ್ಲಿ. ಮೂವರು ಸೇರಿದರೆ ಒಂದು ಸಂಘ ಕಟ್ಟುತ್ತೇವೆ ಎಂದು ಡೇನರು ತಮ್ಮನ್ನೇ ಹಾಸ್ಯ ಮಾಡಿಕೊಳ್ಳುವುದುಂಟು. ಸಂಘ ಕಟ್ಟುವ ಹಕ್ಕು 1849ರ ಸಂವಿಧಾನದಿಂದ ಬಂದದ್ದು. ಸಂಘಗಳಿಗೆ ಜಾಗ, ಅನುದಾನ ಒದಗಿಸಲು ನಗರಸಭೆಗಳನ್ನು ಹೊಣೆಯಾಗಿಸುವ ಕಾನೂನೂ ಇದೆ. ಹಾಗಾಗಿ ಗಾಯನ, ದೋಣಿ ನಡೆಸುವುದು, ಜೇನು ಸಾಕಣೆ, ಚಳಿಗಾಲದಲ್ಲಿ ಸಮುದ್ರಕ್ಕೆ ಧುಮುಕುವುದು, ಎಲ್ಲಕ್ಕೂ ಒಂದೊಂದು ಸಂಘ, ಒಬ್ಬೊಬ್ಬ ಖಜಾಂಚಿ, ವರ್ಷಕ್ಕೊಂದು ಮಹಾಸಭೆ. ತರಬೇತುದಾರರಲ್ಲಿ ಹೆಚ್ಚಿನವರು ಸಂಬಳವಿಲ್ಲದ ಸ್ವಯಂಸೇವಕರು.

ನನ್ನನ್ನು ಕೇಳಿದರೆ ಬ್ಯಾಡ್ಮಿಂಟನ್ ಸಂಘಕ್ಕೆ ಸೇರಿ. ಆಟ ಬರದಿದ್ದರೂ ಚಿಂತೆಯಿಲ್ಲ, ಎಲ್ಲ ಮಟ್ಟದವರಿಗೂ ಗುಂಪುಗಳಿರುತ್ತವೆ. ಡೆನ್ಮಾರ್ಕಿಗೆ ಈ ಆಟದ ಹುಚ್ಚು ಎಷ್ಟೆಂದರೆ, 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದ ಮೇಲೆ ನಮ್ಮ ಪ್ರಕಾಶ್ ಪಡುಕೋಣೆಯವರು ಅಭ್ಯಾಸಕ್ಕಾಗಿ ಹೋಗಿ ನೆಲೆಸಿದ್ದು ಕೋಪನ್‌ಹೇಗನ್‌ನಲ್ಲೇ. ಮಗಳು ದೀಪಿಕಾ 1986ರಲ್ಲಿ ಹುಟ್ಟಿದ್ದೂ ಅಲ್ಲಿಯೇ. ಕ್ರಿಕೆಟ್ ಸಂಘಗಳೂ ಇವೆ, ಸೇರಿದರೆ ಸಂತೋಷ, ಆದರೆ ಅಲ್ಲಿ ನಿಮಗೆ ಹೆಚ್ಚಾಗಿ ಸಿಗುವವರು ಭಾರತ, ಪಾಕಿಸ್ತಾನದ ಮೂಲದವರು.

ಚಂದಾ ಕಟ್ಟಿ ಆಡಿ ಹೊರಟುಬಿಟ್ಟರೆ ಸಾಲದು. ಆಟ ಮುಗಿದ ಮೇಲೆ ಕಾಫಿಗೆ ಕೂರಬೇಕು, ಪಂದ್ಯದ ದಿನ ಕುರ್ಚಿ ಜೋಡಿಸಬೇಕು, ಕೇಕ್ ಮಾಡಿ ತರುವವರ ಪಟ್ಟಿಯಲ್ಲಿ ಹೆಸರು ಬರೆಸಬೇಕು. ಡೇನರಿಗೆ ಎದುರುಬದುರು ಕುಳಿತು ಮಾತಾಡುವುದಕ್ಕಿಂತ ಪಕ್ಕದಲ್ಲಿ ನಿಂತು ಕೆಲಸ ಮಾಡುತ್ತಾ ಮಾತಾಡುವುದು ಸಲೀಸು. ನಿಮ್ಮ ಕಟ್ಟಡದಲ್ಲಿ ಅಂಗಳ ಗುಡಿಸುವ, ಗಿಡ ಕತ್ತರಿಸುವ ಸಾಮೂಹಿಕ ಕೆಲಸದ ದಿನವಿದ್ದರೆ ತಪ್ಪಿಸಬೇಡಿ. ದೀಪಾವಳಿಯ ಸಿಹಿ ಮಾಡದ ಕೆಲಸವನ್ನು ಅಲ್ಲಿನ ಒಂದು ಕಸಬರಿಗೆ ಮಾಡೀತು.

ಇಷ್ಟು ದಿನ ಕಾಯಲಾರೆ ಎಂದರೆ ಸಾಮೂಹಿಕ ಊಟಗಳಿವೆ. ವೆಸ್ಟರ್‌ಬ್ರೋ ಬಡಾವಣೆಯಲ್ಲಿ ಹಿಂದೆ ಚರ್ಚ್ ಆಗಿದ್ದ ‘ಅಬ್ಸಲೋನ್’ನಲ್ಲಿ ಸಂಜೆ ಆರಕ್ಕೆ ಉದ್ದನೆಯ ಮೇಜುಗಳಲ್ಲಿ ಅಪರಿಚಿತರೇ ಒಬ್ಬರಿಗೊಬ್ಬರು ಬಡಿಸಿಕೊಂಡು ಉಣ್ಣುತ್ತಾರೆ. ರೈಲಿನಲ್ಲಿ ತುಟಿ ಬಿಚ್ಚದವರು ಅಲ್ಲಿ ಮಾತಿನ ಮಲ್ಲರು.

ಭಾಷೆಯ ವಿಷಯ. ಇಂಗ್ಲಿಷಿನಲ್ಲಿ ಜೀವನ ಸಾಗುತ್ತದೆ, ನಿಜ. ಆದರೆ ಐದಾರು ಡೇನರಿರುವ ಮೇಜಿನಲ್ಲಿ ಮಾತು ತಾನಾಗಿ ಡ್ಯಾನಿಶ್ ಭಾಷೆಗೆ ಹೊರಳುತ್ತದೆ, ನಗುವ ಮಾತೆಲ್ಲ ಬರುವುದೂ ಆಗಲೇ. ನೀವು ಡ್ಯಾನಿಶ್‌ನಲ್ಲಿ ತಡವರಿಸಿದೊಡನೆ ಅವರು ಇಂಗ್ಲಿಷಿಗೆ ಜಿಗಿಯುತ್ತಾರೆ. ಡ್ಯಾನಿಶ್‌ನಲ್ಲೇ ಮುಂದುವರಿಸಿ ಎಂದು ಸಂಕೋಚವಿಲ್ಲದೆ ಕೇಳಿಕೊಳ್ಳಿ.

ಇನ್ನು, ಯಾರಾದರೂ ಮನೆಗೆ ಕರೆದರೆ ಆರು ಎಂದರೆ ಆರು ಗಂಟೆಯೇ. ಕೈಯಲ್ಲಿ ಹೂವು ಅಥವಾ ವೈನ್ ಇರಲಿ; ಸಸ್ಯಾಹಾರಿಗಳಾದರೆ ಮೊದಲೇ ತಿಳಿಸಿ. ಮುಂದಿನ ಸಲ ಅವರು ಸಿಕ್ಕಾಗ ಆ ದಿನದ ಊಟಕ್ಕೆ ಮತ್ತೊಮ್ಮೆ ಧನ್ಯವಾದ ಹೇಳುವುದು ವಾಡಿಕೆ. ಕಚೇರಿಯಲ್ಲಿ ಹುಟ್ಟುಹಬ್ಬ ಯಾರದೋ, ಕೇಕ್ ತರಬೇಕಾದವರೂ ಅವರೇ, ಇದನ್ನು ನಿಮ್ಮ ಪತಿಗೆ ತಿಳಿಸಿಬಿಡಿ.

ಡಿಸೆಂಬರಿನಲ್ಲಿ ಹಗಲಿನ ಅವಧಿ ಏಳು ತಾಸಿಗೆ ಇಳಿದು, ಮಧ್ಯಾಹ್ನ ಮೂರೂವರೆಗೆಲ್ಲ ಕತ್ತಲಾಗುತ್ತದೆ. ಮನೆಯಿಂದ ಹೊರಬೀಳುವ ಉಮೇದು ಆಗ ಯಾರಿಗೂ ಇರುವುದಿಲ್ಲ. ಒಳಾಂಗಣ ಆಟದ ಸಂಘಗಳ ಹೊಸ ಋತು ಬೇಸಿಗೆ ರಜೆ ಮುಗಿದ ಕೂಡಲೇ, ಆಗಸ್ಟ್‌-ಸೆಪ್ಟೆಂಬರಿನಲ್ಲಿ ಶುರುವಾಗುತ್ತದೆ. ಹೆಸರು ನೋಂದಾಯಿಸಲು ಅದೇ ಸಮಯ.