ಓದುಗರ ಪ್ರಶ್ನೆ: 500 ಗಜ ದೂರದ ಬೇಟೆಗೆ ಯಾವ ತೋಟಾ?

ಪ್ರಶ್ನೆ: ನಮ್ಮ ಮಗ ಅಮೆರಿಕದ ಕೊಲರಾಡೊದಲ್ಲಿದ್ದಾನೆ. ಪರವಾನಗಿ ಪಡೆದು ಎಲ್ಕ್ (ಅಲ್ಲಿನ ಒಂದು ಬಗೆಯ ದೊಡ್ಡ ಜಿಂಕೆ) ಬೇಟೆಗೆ ಹೋಗುತ್ತಾನೆ. ಈಗ ತನಗೆ ಬೇಕಾದಂತೆ ಒಂದು ರೈಫಲ್ ಮಾಡಿಸುತ್ತಿದ್ದಾನೆ, ಅದು 500 ಗಜಕ್ಕೂ ಆಗಬೇಕಂತೆ. .300 ವಿನ್‌ಚೆಸ್ಟರ್ ಮ್ಯಾಗ್ನಂ ಆದರೆ ಏಟು ಸ್ವಲ್ಪ ಆಚೀಚೆ ಬಿದ್ದರೂ ಪ್ರಾಣಿ ಅಲ್ಲೇ ಉರುಳುತ್ತದೆ, 6.5 ಕ್ರೀಡ್‌ಮೋರ್ ಬರೀ ಆಟಿಕೆ ಎಂದು ಅವನ ಗೆಳೆಯರು ಹೇಳುತ್ತಾರೆ. ನಿಜವೇ ಸರ್? (ಶಿರಾದ ಓದುಗರೊಬ್ಬರು)

ಉತ್ತರ: ಈ ಪ್ರಶ್ನೆಗೆ ನಾನು ಎಷ್ಟೋ ಬಾರಿ ಉತ್ತರಿಸಿದ್ದೇನೆ. ತಿಪಟೂರಿನಿಂದ ಬಂದರೆ ಮಗ ಮೊಂಟಾನಾದಲ್ಲಿರುತ್ತಾನೆ, ಚಿಂತಾಮಣಿಯಿಂದ ಬಂದರೆ ಅಳಿಯ ಐಡಹೊದಲ್ಲಿರುತ್ತಾನೆ. ಪ್ರಶ್ನೆ ಮಾತ್ರ ಬದಲಾಗುವುದಿಲ್ಲ. ನಮ್ಮ ಕಡೆ ಇದಕ್ಕೆ ಅವಕಾಶವಿಲ್ಲವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಮೇಯುವ ಕೃಷ್ಣಮೃಗಕ್ಕೆ ಗುರಿಯಿಟ್ಟವನಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ 3ರಿಂದ 7 ವರ್ಷಗಳ ಸೆರೆವಾಸವಿದೆ. ಹಾಗಾಗಿ ಮುಂದೆ ಹೇಳುವುದೆಲ್ಲ ಅಮೆರಿಕಕ್ಕೆ ಮಾತ್ರ ಅನ್ವಯಿಸುತ್ತದೆ. ನಿಮ್ಮ ಮಗ ಎಚ್-1ಬಿ ವೀಸಾದ ಮೇಲಿದ್ದರೆ, ಬೇಟೆಯ ಪರವಾನಗಿ ಚಾಲ್ತಿಯಲ್ಲಿದೆಯೇ ಎಂಬುದನ್ನು ಮೊದಲು ನೋಡಿಕೊಳ್ಳಲಿ. ಅಂಥ ವೀಸಾದವರು ಬಂದೂಕು ಇಟ್ಟುಕೊಳ್ಳಬಾರದೆಂಬ ಅಲ್ಲಿನ ಕೇಂದ್ರ ಕಾನೂನಿನಿಂದ ಅವರಿಗೆ ವಿನಾಯಿತಿ ಸಿಗುವುದು ಬಹುಮಟ್ಟಿಗೆ ಆ ಪರವಾನಗಿಯಿಂದಲೇ.

ನೇರ ಉತ್ತರವೆಂದರೆ, ತೋಟಾದ (ಗುಂಡು, ಮದ್ದು, ಕೋಶ ಎಲ್ಲ ಸೇರಿದ್ದರ) ಹೆಸರಿನಿಂದ ಆರಂಭಿಸಬಾರದು. ಪ್ರಾಣಿ ಯಾವುದು, ಅದಕ್ಕೆ ತಕ್ಕ ಗುಂಡು ಯಾವುದು, ಹೊಡೆಯಬೇಕಾದ ದೂರವನ್ನು ತಲುಪಿದಾಗ ಆ ಗುಂಡಿನಲ್ಲಿ ಎಷ್ಟು ವೇಗ ಉಳಿದಿರಬೇಕು ಎಂಬ ಕ್ರಮದಲ್ಲಿ ಯೋಚಿಸಿದರೆ ತೋಟಾ ಕೊನೆಯಲ್ಲಿ ತಾನಾಗಿಯೇ ನಿರ್ಧಾರವಾಗುತ್ತದೆ. ಕಾನೂನಿನ ಮಟ್ಟಿಗೆ ಕೊಲರಾಡೊ ಕೇಳುವುದು ಕಡಿಮೆಯೇ: ಎಲ್ಕ್‌ಗೆ ಕನಿಷ್ಠ .24 ಕ್ಯಾಲಿಬರ್ (ಇಂಚಿನಲ್ಲಿ ನಳಿಗೆಯ ಒಳ ಅಗಲ, ಅಂದರೆ ಬೋರು), ಕನಿಷ್ಠ 85 ಗ್ರೇನ್ (ಸುಮಾರು 5.5 ಗ್ರಾಂ) ತೂಕದ, ತಗುಲಿದಾಗ ಅರಳುವ ಗುಂಡು, 100 ಗಜದಲ್ಲಿ 1000 ಅಡಿ-ಪೌಂಡ್ ಶಕ್ತಿ. ನಿಮ್ಮ ಪ್ರಶ್ನೆಯಲ್ಲಿರುವ ಎರಡೂ ತೋಟಾಗಳು ಈ ಮಿತಿಯನ್ನು ಸುಲಭವಾಗಿ ದಾಟುತ್ತವೆ.

ಈಗ "ಆಚೀಚೆ ಬಿದ್ದರೂ ಉರುಳುತ್ತದೆ" ಎಂಬ ಮಾತಿಗೆ ಬರುತ್ತೇನೆ. ಈ ನಂಬಿಕೆಯನ್ನು ಬೇರುಸಹಿತ ಕೀಳದೆ ಮುಂದೆ ಹೋಗುವುದರಲ್ಲಿ ಅರ್ಥವಿಲ್ಲ, ಏಕೆಂದರೆ ಗಾಯಗೊಂಡು ಕಾಡು ಸೇರಿ ನರಳಿ ಸಾಯುವ ಪ್ರಾಣಿಗಳಲ್ಲಿ ಎಷ್ಟೋ ಈ ಒಂದು ಮಾತನ್ನು ನಂಬಿದವರ ಕೈಯಿಂದ ಗಾಯಗೊಂಡವು.

ಲೆಕ್ಕ ಹಾಕಿ ನೋಡಿ. .300 ವಿನ್‌ಚೆಸ್ಟರ್ ಮ್ಯಾಗ್ನಂನ 200 ಗ್ರೇನ್ ಗುಂಡಿನ ತೂಕ 13 ಗ್ರಾಂ, ನಳಿಗೆಯ ಬಾಯಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 870 ಮೀಟರ್. ಅದರ ಸಂವೇಗವನ್ನೆಲ್ಲ 300 ಕಿಲೋ ತೂಗುವ ಗಂಡು ಎಲ್ಕ್‌ನ ದೇಹಕ್ಕೆ ವರ್ಗಾಯಿಸಿದರೂ ಆ ದೇಹಕ್ಕೆ ಬರುವ ವೇಗ ಸೆಕೆಂಡಿಗೆ 4 ಸೆಂಟಿಮೀಟರ್‌ಗಿಂತ ಕಡಿಮೆ. ಅದೂ ನಳಿಗೆಯ ಬಾಯಲ್ಲಿ. 500 ಗಜದಲ್ಲಿ ಇನ್ನೂ ಕಡಿಮೆ. ಗುಂಡಿನ ಜೊತೆಗೆ ಮದ್ದಿನ ಅನಿಲವೂ ಹೊರಕ್ಕೆ ಚಿಮ್ಮುವುದರಿಂದ ಹೊಡೆದವನ ಭುಜಕ್ಕೆ ತಾಗುವ ತಳ್ಳಾಟವೇ ಪ್ರಾಣಿಗೆ ತಾಗುವುದಕ್ಕಿಂತ ಹೆಚ್ಚು. ಗುಂಡಿನ ಧಕ್ಕೆ ಎಲ್ಕ್ ಅನ್ನು ಕೆಡವುವಂತಿದ್ದರೆ ಹೊಡೆದವನು ಅದಕ್ಕೂ ಮೊದಲು ಬೀಳಬೇಕಾಗಿತ್ತು.

ಹಾಗಾದರೆ ಕೆಲವು ಪ್ರಾಣಿಗಳು ನಿಂತಲ್ಲೇ ಕುಸಿಯುವುದೇಕೆ? ಗುಂಡು ಮಿದುಳಿಗೋ ಬೆನ್ನುಹುರಿಗೋ ಅದರ ತೀರಾ ಸಮೀಪಕ್ಕೋ ತಗುಲಿರುತ್ತದೆ. ಉಳಿದಂತೆ ಗುಂಡು ಕೊಲ್ಲುವುದು ರಕ್ತಸ್ರಾವದಿಂದ. ಶ್ವಾಸಕೋಶ, ಹೃದಯ, ದೊಡ್ಡ ರಕ್ತನಾಳಗಳು ಹರಿದರೆ ಮಿದುಳಿಗೆ ರಕ್ತ ನಿಲ್ಲುತ್ತದೆ. ಎರಡೂ ಶ್ವಾಸಕೋಶ ತೂತಾದ ಎಲ್ಕ್ ಕೂಡ ಒಂದಷ್ಟು ದೂರ ಓಡಿ ಬೀಳುವುದುಂಟು. ಅದೇ ಗುಂಡು ಒಂದು ಗೇಣು ಹಿಂದೆ ಸರಿದು ಕರುಳಿಗೆ ಹೊಕ್ಕರೆ, ಮ್ಯಾಗ್ನಂ ಆಗಿರಲಿ ಬೇರೆಯದಾಗಿರಲಿ, ಆ ಪ್ರಾಣಿ ಗಂಟೆಗಟ್ಟಲೆ ಬದುಕಿದ್ದು ಕಿಲೋಮೀಟರ್‌ಗಟ್ಟಲೆ ನಡೆಯುತ್ತದೆ. ಏಟು ಬಿದ್ದ ಜಾಗದ ತಪ್ಪನ್ನು ಮದ್ದಿನ ತೂಕ ತಿದ್ದುವುದಿಲ್ಲ.

ಇನ್ನು "ದೊಡ್ಡ ಗುಂಡಿಗೆ ಗಾಳಿ ತಾಗುವುದಿಲ್ಲ" ಎಂಬುದು ಇದೇ ನಂಬಿಕೆಯ ಇನ್ನೊಂದು ಮುಖ. ಅಡ್ಡಗಾಳಿ ಗುಂಡನ್ನು ಎಷ್ಟು ಸರಿಸುತ್ತದೆ ಎಂಬುದು ಬೋರಿನ ಅಗಲವನ್ನು ಅವಲಂಬಿಸಿಲ್ಲ. ಹಾರುವಾಗ ಗುಂಡು ಎಷ್ಟು ವೇಗ ಕಳೆದುಕೊಂಡು ತಡವಾಗುತ್ತದೆ ಎಂಬುದೇ ಮುಖ್ಯ, ಅದು ಗುಂಡಿನ ಆಕಾರ ಮತ್ತು ವೇಗಕ್ಕೆ ಸೇರಿದ್ದು. ಗಂಟೆಗೆ 16 ಕಿಲೋಮೀಟರ್ ಅಡ್ಡಗಾಳಿಯಲ್ಲಿ 500 ಗಜಕ್ಕೆ 6.5 ಕ್ರೀಡ್‌ಮೋರ್‌ನ 143 ಗ್ರೇನ್ ಗುಂಡು ಸುಮಾರು 40 ಸೆಂಟಿಮೀಟರ್ ಸರಿಯುತ್ತದೆ, .300 ಮ್ಯಾಗ್ನಂನ 200 ಗ್ರೇನ್ ಗುಂಡು ಸುಮಾರು 38. ಇವೆರಡರ ನಡುವಿನ ಬೋರಿನ ತೋಟಾ ಆದ 7 ಎಂಎಂ ಪಿಆರ್‌ಸಿಯ 175 ಗ್ರೇನ್ ಗುಂಡು ಸುಮಾರು 30. ಗಾಳಿಯ ವೇಗವನ್ನು ಅಂದಾಜು ಮಾಡುವಾಗ ನಿಮ್ಮ ಮಗ 8 ಕಿಲೋಮೀಟರ್ ತಪ್ಪಿದರೆ ಇವುಗಳಲ್ಲಿ ಅರ್ಧದಷ್ಟು, ಅಂದರೆ 15ರಿಂದ 20 ಸೆಂಟಿಮೀಟರ್, ಏಟು ಪಕ್ಕಕ್ಕೆ ಬೀಳುತ್ತದೆ. ಎಲ್ಕ್‌ನ ಎದೆಯಲ್ಲಿ ಮರ್ಮಸ್ಥಾನದ ನಡುವಿನಿಂದ ಅಂಚಿಗೆ ಇರುವುದೇ ಹೆಚ್ಚುಕಡಿಮೆ ಅಷ್ಟು. ಕಣಿವೆಯ ಆ ಬದಿಯ ಗಾಳಿ ಈ ಬದಿಯದರಂತೆಯೇ ಇರುತ್ತದೆ ಎಂದುಕೊಂಡವನನ್ನು ಯಾವ ಮ್ಯಾಗ್ನಂ ಕಾಪಾಡಬೇಕು?

ಒದೆತದ ವಿಚಾರವನ್ನು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಒಂದೇ ತೂಕದ ರೈಫಲ್‌ನಲ್ಲಿ .300 ಮ್ಯಾಗ್ನಂನ ಒದೆತ 6.5 ಕ್ರೀಡ್‌ಮೋರ್‌ನ ಎರಡು ಪಟ್ಟಿಗಿಂತ ಹೆಚ್ಚು. ಬೆಳೆ ಕಾಯಲು ಪರವಾನಗಿ ಪಡೆದು 12 ಬೋರ್ ಕೋವಿ ಕೊಂಡವರಿಗೆ ನಮ್ಮ ತುಮಕೂರಿನಲ್ಲಿ ಗುರಿ ಕಲಿಸುವಾಗ ನಾನು ಒಂದು ಪರೀಕ್ಷೆ ಮಾಡುತ್ತೇನೆ. ಕೋವಿಗೆ ತೋಟಾ ತುಂಬುವವನು ನಾನು. ಒಳಗಿರುವುದು ಜೀವಂತ ತೋಟಾವೋ ಉರಿದ ಖಾಲಿ ತೋಟಾವೋ ಹೊಡೆಯುವವನಿಗೆ ಗೊತ್ತಿರುವುದಿಲ್ಲ. ಖಾಲಿ ತೋಟಾದ ಸರದಿ ಬಂದಾಗ ಟಕ್ ಎಂಬ ಸದ್ದಷ್ಟೇ ಕೇಳುತ್ತದೆ, ಆದರೆ ನಳಿಗೆಯ ತುದಿ ನಾಲ್ಕು ಬೆರಳು ಕೆಳಕ್ಕೆ ಕುಕ್ಕುತ್ತದೆ, ಕಣ್ಣು ಮುಚ್ಚಿರುತ್ತದೆ, ಬಲಭುಜ ಮುಂದಕ್ಕೆ ಬಂದಿರುತ್ತದೆ. ಒದೆತಕ್ಕೆ ಹೆದರಿದ ದೇಹ ಕುದುರೆ (ಟ್ರಿಗರ್) ಎಳೆಯುವ ಕ್ಷಣದಲ್ಲೇ ಗುರಿ ಕೆಡಿಸುತ್ತದೆ. ತಾನು ಕೆಡಿಸಿದೆನೆಂದು ಆ ಮನುಷ್ಯನಿಗೆ ಗೊತ್ತೇ ಆಗಿರುವುದಿಲ್ಲ. 50 ಗಜದಲ್ಲಿ ಕಾಣದ ಈ ದೋಷ 500 ಗಜದಲ್ಲಿ ಹತ್ತು ಪಟ್ಟಾಗುತ್ತದೆ.

ಇಷ್ಟು ಹೇಳಿದ ಮಾತ್ರಕ್ಕೆ ಎರಡೂ ತೋಟಾಗಳು ಸಮವೆಂದು ನಾನು ವಾದಿಸುತ್ತಿಲ್ಲ. ಅರಳುವ ಗುಂಡು ಅರಳಬೇಕಾದರೆ ತಗುಲುವಾಗ ವೇಗ ಬೇಕು. ಬಹಳಷ್ಟು ಬೇಟೆ ಗುಂಡುಗಳಿಗೆ ಅದು ಸೆಕೆಂಡಿಗೆ 490ರಿಂದ 550 ಮೀಟರ್‌ನ ಆಸುಪಾಸು. 6.5 ಕ್ರೀಡ್‌ಮೋರ್ ಗುಂಡು 500 ಗಜದಲ್ಲಿ ಸುಮಾರು 610ಕ್ಕೆ ಇಳಿದಿರುತ್ತದೆ, .300 ಮ್ಯಾಗ್ನಂನದು 640ರ ಆಸುಪಾಸಿನಲ್ಲಿರುತ್ತದೆ, ಮೇಲಾಗಿ ಅದು ಭಾರವಾದ್ದರಿಂದ ಭುಜದ ಮೂಳೆ ಅಡ್ಡ ಬಂದರೂ ಒಳಕ್ಕೆ ನುಗ್ಗುತ್ತದೆ. ಆದ್ದರಿಂದ ನನ್ನ ಅಭಿಪ್ರಾಯ ಹೀಗಿದೆ. ವರ್ಷಕ್ಕೊಮ್ಮೆ ಬೇಟೆಯ ಕಾಲದಲ್ಲಿ ಮಾತ್ರ ರೈಫಲ್ ಮುಟ್ಟುವವನಾದರೆ 6.5 ಕ್ರೀಡ್‌ಮೋರ್ ಇಲ್ಲವೇ .308 ವಿನ್‌ಚೆಸ್ಟರ್ ಮಾಡಿಸಿಕೊಂಡು, ಎಲ್ಕ್‌ಗೆ 300 ಗಜದ ಆಚೆ ಹೊಡೆಯದಿರಲಿ. ನಿಯಮಿತವಾಗಿ ಅಭ್ಯಾಸ ಮಾಡುವವನಾದರೆ, 500 ಗಜ ನಿಜಕ್ಕೂ ಬೇಕೆಂದಾದರೆ, ಸ್ವಲ್ಪ ತೂಕದ ರೈಫಲ್‌ನಲ್ಲಿ 7 ಎಂಎಂ ಪಿಆರ್‌ಸಿ ಮಾಡಿಸಲಿ.

ನೀವು ಕೇಳದ ಒಂದು ವಿಷಯವನ್ನೂ ಇಲ್ಲೇ ಹೇಳಬೇಕು, ಏಕೆಂದರೆ ಹೊಸದಾಗಿ ರೈಫಲ್ ಮಾಡಿಸುವವರು ಎಡವುವುದು ಇಲ್ಲಿಯೇ: ನಳಿಗೆಯೊಳಗಿನ ತಿರುವು. ನಳಿಗೆಯ ಒಳಮೈಯ ಗೀರುಗಳು ಗುಂಡನ್ನು ತಿರುಗಿಸುತ್ತವೆ, ತಿರುಗುವ ಗುಂಡು ಮಾತ್ರ ಮೂತಿ ಮುಂದಿಟ್ಟು ಹಾರುತ್ತದೆ. ಗಾಳಿಯನ್ನು ಚೆನ್ನಾಗಿ ಸೀಳುವ ಗುಂಡುಗಳು ಉದ್ದವಾಗಿರುತ್ತವೆ, ಉದ್ದ ಹೆಚ್ಚಿದಷ್ಟೂ ಹೆಚ್ಚು ತಿರುಗಬೇಕು. 8 ಇಂಚಿಗೆ ಒಂದು ಸುತ್ತು ಎಂಬ ನಳಿಗೆಯಿಂದ ಸೆಕೆಂಡಿಗೆ 914 ಮೀಟರ್ ವೇಗದಲ್ಲಿ ಹೊರಬಿದ್ದ ಗುಂಡು ಸೆಕೆಂಡಿಗೆ 4500 ಸುತ್ತು ತಿರುಗುತ್ತಿರುತ್ತದೆ. 1925ರಲ್ಲಿ ಬಂದ .270 ವಿನ್‌ಚೆಸ್ಟರ್‌ಗೆ 10 ಇಂಚಿಗೆ ಒಂದು ಸುತ್ತು ಎಂಬ ವಾಡಿಕೆ ನೆಲೆಯೂರಿತು; ಅದು ಅಂದಿನ ಗಿಡ್ಡ ಗುಂಡುಗಳಿಗೆ ಸಾಕಾಗಿತ್ತು, ಇಂದಿನ ಉದ್ದ, ಭಾರದ ಗುಂಡುಗಳಿಗೆ ಸಾಲದು. 1963ರ .300 ವಿನ್‌ಚೆಸ್ಟರ್ ಮ್ಯಾಗ್ನಂನ ಕುತ್ತಿಗೆ ಗಿಡ್ಡ, ಹಾಗಾಗಿ ಉದ್ದ ಗುಂಡು ಕೂರಿಸಿದಾಗ ಅದರ ಬಾಲ ಮದ್ದಿನ ಜಾಗಕ್ಕೆ ಇಳಿಯುತ್ತದೆ. 2018ರಲ್ಲಿ .300 ಪಿಆರ್‌ಸಿ, 2022ರಲ್ಲಿ 7 ಎಂಎಂ ಪಿಆರ್‌ಸಿ ಬಂದದ್ದು ಉದ್ದ ಗುಂಡುಗಳಿಗೆ ಜಾಗ ಮಾಡಿಕೊಡುವುದಕ್ಕಾಗಿಯೇ.

ಆದ್ದರಿಂದ ನಿಮ್ಮ ಮಗ ರೈಫಲ್ ಮಾಡುವವರ ಮುಂದೆ ಮೊದಲು ಗುಂಡಿನ ಹೆಸರು, ಅದರ ತೂಕ ಮತ್ತು ಉದ್ದ ಹೇಳಲಿ, ಅದಕ್ಕೆ ಬೇಕಾದ ತಿರುವನ್ನು ಕೇಳಿ ಬರೆಸಿಕೊಳ್ಳಲಿ. ತೋಟಾ ತಾನೇ ತುಂಬಿಕೊಳ್ಳುವ ಅಭ್ಯಾಸವಿಲ್ಲದಿದ್ದರೆ, ಆರಿಸಿದ ತೋಟಾ ತಾನಿರುವ ಊರಿನ ಅಂಗಡಿಯಲ್ಲಿ ದೊರೆಯುತ್ತದೆಯೇ ಎಂದು ನಳಿಗೆಗೆ ಮುಂಗಡ ಕೊಡುವ ಮೊದಲೇ ವಿಚಾರಿಸಲಿ.