ಐದನೇ ಸುತ್ತಿನಲ್ಲಿ ಮಿದುಳು ಹಾಕುವ ಲೆಕ್ಕ

3000 ಮೀಟರ್ ಓಟ ಎಂದರೆ 400 ಮೀಟರ್ ಟ್ರ್ಯಾಕಿನಲ್ಲಿ ಏಳೂವರೆ ಸುತ್ತು. ಮೊದಲ ಎರಡು ಸುತ್ತು ಹೆಚ್ಚಿನವರಿಗೆ ಹಗುರವಾಗಿಯೇ ಸಾಗುತ್ತವೆ. ಕೊನೆಯ ಸುತ್ತಿನ ಗಂಟೆ ಬಾರಿಸಿದಾಗ ಎಲ್ಲಿಂದಲೋ ಬಲ ಬರುತ್ತದೆ. ಹೈಸ್ಕೂಲು ಓಟಗಾರರು ಕುಸಿಯುವುದು ಇವೆರಡರ ನಡುವೆ, ಐದನೇ ಸುತ್ತಿನ ಆಸುಪಾಸಿನಲ್ಲಿ. ಉಸಿರಿನ ಲಯ ಕೆಡುತ್ತದೆ, ಭುಜಗಳು ಕಿವಿಯತ್ತ ಏರುತ್ತವೆ, ಮುಷ್ಟಿ ಬಿಗಿಯಾಗುತ್ತದೆ, ತೊಡೆ ಭಾರವೆನಿಸುತ್ತದೆ. ಮುಂದಿನವಳ ಬೆನ್ನು ಒಂದು ಮೀಟರ್ ದೂರದಲ್ಲಿದ್ದದ್ದು ನೋಡನೋಡುತ್ತಲೇ ಮೂರು ಮೀಟರ್ ಆಗಿರುತ್ತದೆ. ಆಗ ತಲೆಯೊಳಗೊಂದು ಮಾತು ಏಳುತ್ತದೆ: ಇನ್ನು ನನ್ನ ಕೈಲಾಗಲ್ಲ.

ಈ ಮಾತು ಕಾಲಿನಿಂದ ನೇರವಾಗಿ ಬಂದದ್ದು ಎಂದೇ ಓಡುವವರೆಲ್ಲ ನಂಬುತ್ತಾರೆ. ವ್ಯಾಯಾಮದ ದಣಿವನ್ನು ಅಭ್ಯಸಿಸುವ ಸಂಶೋಧಕರಾದ ಸಾಮ್ಯುಯೆಲೆ ಮಾರ್ಕೋರಾ ಮತ್ತು ವಾಲ್ಟರ್ ಸ್ಟೈಯಾನೊ 2010ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಈ ನಂಬಿಕೆಯನ್ನು ಅಲುಗಾಡಿಸಿತು. ಗಟ್ಟಿಮುಟ್ಟಾದ ರಗ್ಬಿ ಆಟಗಾರರು ವ್ಯಾಯಾಮದ ಸೈಕಲ್ಲನ್ನು ಸುಮಾರು 240 ವ್ಯಾಟ್ ಶಕ್ತಿಯಲ್ಲಿ, ಇನ್ನು ಸಾಧ್ಯವೇ ಇಲ್ಲ ಎನ್ನುವ ತನಕ ತುಳಿದರು. ಕೈಚೆಲ್ಲಿದ ಕೂಡಲೇ, ಐದೇ ಸೆಕೆಂಡು ಪೂರ್ತಿ ಬಲ ಹಾಕಿ ತುಳಿಯಿರಿ ಎಂದು ಹೇಳಲಾಯಿತು. ಸರಾಸರಿ 700 ವ್ಯಾಟಿಗೂ ಹೆಚ್ಚು ಬಂತು. 240 ವ್ಯಾಟ್ ಆಗುವುದೇ ಇಲ್ಲ ಎಂದಿದ್ದ ಕಾಲುಗಳು ಮರುಗಳಿಗೆಯಲ್ಲೇ ಅದರ ಮೂರು ಪಟ್ಟು ಕೊಟ್ಟಿದ್ದವು. ಸ್ನಾಯುಗಳು ದಣಿದಿರಲಿಲ್ಲ ಎಂದಲ್ಲ. ದಣಿವಿಲ್ಲದಾಗ ಅದೇ ಜನ ಇನ್ನೂ ಹೆಚ್ಚು ಶಕ್ತಿ ತೋರಿಸಿದ್ದರು. ಐದು ಸೆಕೆಂಡಿನ ಜೋರು ಬೇರೆ, ಹತ್ತು ನಿಮಿಷದ ದುಡಿಮೆ ಬೇರೆ ಎಂಬ ಆಕ್ಷೇಪವೂ ಬಂತು, ಅದರಲ್ಲಿ ಹುರುಳಿದೆ. ಆದರೂ ಒಂದು ಮಾತು ಉಳಿಯುತ್ತದೆ. ನಿಲ್ಲಿಸುವ ತೀರ್ಮಾನ ಆಗುವುದು ಸ್ನಾಯು ಪೂರ್ತಿ ಬರಿದಾಗುವುದಕ್ಕಿಂತ ಎಷ್ಟೋ ಮೊದಲು.

ತೀರ್ಮಾನಿಸುವುದು ಮಿದುಳು. ಈಗ ಎಷ್ಟು ಕಷ್ಟವಾಗುತ್ತಿದೆ, ಇನ್ನೆಷ್ಟು ದೂರವಿದೆ, ಇಂಥ ಸ್ಥಿತಿಯಲ್ಲಿ ಹಿಂದೆ ಏನಾಗಿತ್ತು ಎಂದು ಅದು ಕ್ಷಣಕ್ಷಣವೂ ಲೆಕ್ಕ ಹಾಕುತ್ತಿರುತ್ತದೆ. ಇದೇ ಮಾರ್ಕೋರಾ ಮತ್ತು ಸಂಗಡಿಗರು 2009ರಲ್ಲಿ 16 ಜನರಿಗೆ ಮೊದಲು 90 ನಿಮಿಷ ಏಕಾಗ್ರತೆ ಬೇಡುವ ಕಂಪ್ಯೂಟರ್ ಕೆಲಸ ಕೊಟ್ಟು, ಆಮೇಲೆ ಸೈಕಲ್ ತುಳಿಸಿದ್ದರು. ಬೇರೊಂದು ದಿನ ಸಾಕ್ಷ್ಯಚಿತ್ರ ನೋಡಿ ಆರಾಮಾಗಿ ಬಂದು ತುಳಿದಾಗ ಸರಾಸರಿ 754 ಸೆಕೆಂಡು ತಾಳಿಕೊಂಡವರು, ಆ ಕೆಲಸದ ಬಳಿಕ ತುಳಿದಾಗ 640 ಸೆಕೆಂಡಿಗೇ ಕೈಚೆಲ್ಲಿದರು. ಹೃದಯ, ಸ್ನಾಯುಗಳ ಅಳತೆಗಳಲ್ಲಿ ಈ ಸೋಲಿಗೆ ಕಾರಣ ಸಿಗಲಿಲ್ಲ. ಬದಲಾದದ್ದು, ಕಷ್ಟವಾಗುತ್ತಿದೆ ಎಂಬ ಅನಿಸಿಕೆ. ಬೆಳಿಗ್ಗೆ ಪರೀಕ್ಷೆ ಬರೆದು ಸಂಜೆ ಓಡುವ ವಿದ್ಯಾರ್ಥಿಗೆ ಇದು ದೊಡ್ಡ ವಿಷಯ. ಆ ಸಂಜೆಯ ಕಳಪೆ ಸಮಯವನ್ನು ತನ್ನ ದೌರ್ಬಲ್ಯವೆಂದು ಆಕೆ ಮನಸ್ಸಿನಲ್ಲಿ ಬರೆದಿಟ್ಟುಕೊಂಡರೆ, ಮುಂದಿನ ಲೆಕ್ಕಕ್ಕೆ ಸುಳ್ಳು ಅಂಕಿ ಸೇರಿದಂತೆ.

ಆತ್ಮವಿಶ್ವಾಸದ ಪ್ರಶ್ನೆ ಬರುವುದು ಇಲ್ಲಿಯೇ. ಓಟದ ದಿನ ಬೆಳಿಗ್ಗೆ ಎದೆಯೊಳಗೆ ತುಂಬಿಕೊಳ್ಳಬಹುದಾದ ಹುರುಪು ಅದು ಎಂದುಕೊಂಡವರೇ ಹೆಚ್ಚು. ನನಗೆ ಕಾಣುವಂತೆ ಅದು ಮಿದುಳಿನ ಬಳಿ ಕೂಡಿಟ್ಟ ಪುರಾವೆ. ಮನೋವಿಜ್ಞಾನಿ ಆಲ್ಬರ್ಟ್ ಬಂಡೂರಾ 1977ರಲ್ಲಿ ಇದನ್ನೇ ಸಿದ್ಧಾಂತವಾಗಿ ಮಂಡಿಸಿದ್ದರು. ‘ಈ ಕೆಲಸ ನನ್ನಿಂದ ಆಗುತ್ತದೆ’ ಎಂಬ ನಂಬಿಕೆಗೆ ಅತ್ಯಂತ ಗಟ್ಟಿಯಾದ ಮೂಲ, ಸ್ವತಃ ಮಾಡಿ ಮುಗಿಸಿದ ಅನುಭವ. ತನ್ನಂಥವರೇ ಮಾಡುವುದನ್ನು ನೋಡುವುದು, ಇತರರ ಹುರಿದುಂಬಿಸುವ ಮಾತು, ಮೈಯ ಸೂಚನೆಗಳನ್ನು ತಾನು ಅರ್ಥಮಾಡಿಕೊಳ್ಳುವ ರೀತಿ ಇವೂ ಕೆಲಸ ಮಾಡುತ್ತವೆ. ಆದರೆ ‘ನೀನು ಗೆದ್ದೇ ಗೆಲ್ತೀಯ’ ಎಂಬ ಹಾರೈಕೆ ಐದನೇ ಸುತ್ತಿನವರೆಗೆ ಬಾಳುವುದಿಲ್ಲ.

ಪುರಾವೆ ಹುಟ್ಟುವುದು ಅಭ್ಯಾಸದಲ್ಲಿ. ಸಾವಿರ ಮೀಟರನ್ನು ನಾಲ್ಕು ಸಲ, ನಡುವೆ ವಿಶ್ರಾಂತಿ ಕೊಟ್ಟು ಓಡಿಸುವ ಇಂಟರ್ವಲ್ ಅಭ್ಯಾಸವನ್ನೇ ನೋಡಿ. ಹುಡುಗ ಮೊದಲನೆಯದನ್ನು ಪ್ರಾಣ ಹೋಗುವಂತೆ ಓಡುತ್ತಾನೆ, ಮೂರನೆಯದಕ್ಕೆ ಸೋಲುತ್ತಾನೆ, ನಾಲ್ಕನೆಯದನ್ನು ಕಾಲೆಳೆದುಕೊಂಡು ಮುಗಿಸುತ್ತಾನೆ. ಕೋಚ್ ಅದನ್ನು ಛಲ ಎಂದು ಹೊಗಳುತ್ತಾರೆ. ಮಿದುಳು ಕಲಿತದ್ದು ಮಾತ್ರ, ಕೊನೆಯಲ್ಲಿ ನಾನು ಕುಸಿಯುತ್ತೇನೆ ಎಂಬುದನ್ನು. ಅದೇ ಹುಡುಗ ಮೊದಲೆರಡನ್ನು ಹಿಡಿತದಲ್ಲಿಟ್ಟು, ನಾಲ್ಕನೆಯದನ್ನು ಎಲ್ಲಕ್ಕಿಂತ ಎರಡು ಸೆಕೆಂಡು ಬೇಗ ಮುಗಿಸಿದರೆ, ದಣಿದ ಕಾಲಲ್ಲೂ ವೇಗ ಏರಿಸಬಲ್ಲೆ ಎಂಬುದು ಅವನ ಮೈಗೇ ಗೊತ್ತಾಗುತ್ತದೆ. ಪ್ರತಿ ಅಭ್ಯಾಸವನ್ನೂ ಸ್ಪರ್ಧೆಯಾಗಿಸುವ ತರಬೇತಿ ಮಕ್ಕಳ ನಂಬಿಕೆಯನ್ನು ಒಳಗಿಂದೊಳಗೇ ತಿನ್ನುತ್ತದೆ ಎಂದು ನಾನು ದೃಢವಾಗಿ ನಂಬಿದ್ದೇನೆ.

ಇಂಗ್ಲೆಂಡಿನ ರೋಜರ್ ಬ್ಯಾನಿಸ್ಟರ್ 1954ರ ಮೇ 6ರಂದು ಒಂದು ಮೈಲಿಯನ್ನು 3 ನಿಮಿಷ 59.4 ಸೆಕೆಂಡಿನಲ್ಲಿ ಓಡಿ, ನಾಲ್ಕು ನಿಮಿಷದೊಳಗೆ ಮುಗಿಸಿದ ಮೊದಲಿಗರಾದ ಕಥೆಯನ್ನು ಪ್ರೇರಣಾ ಭಾಷಣಗಳಲ್ಲಿ ಎಲ್ಲರೂ ಕೇಳಿರುತ್ತಾರೆ. ನಾಲ್ಕು ನಿಮಿಷದ ಗೋಡೆ ಇದ್ದದ್ದು ಬರೀ ಮನಸ್ಸಿನಲ್ಲಿ, ಅವರು ನಂಬಿದರು, ಗೋಡೆ ಬಿತ್ತು ಎಂಬ ಧಾಟಿಯಲ್ಲಿ. 46 ದಿನ ಕಳೆದು ಆಸ್ಟ್ರೇಲಿಯಾದ ಜಾನ್ ಲ್ಯಾಂಡಿ ಅದಕ್ಕಿಂತ ಬೇಗ ಓಡಿದ್ದೂ ನಿಜ. ಆದರೆ ಲ್ಯಾಂಡಿ ಅದಕ್ಕೂ ಮೊದಲೇ ಹಲವು ಸಲ 4 ನಿಮಿಷ 2 ಸೆಕೆಂಡಿನ ಆಸುಪಾಸು ಓಡಿ ಬಾಗಿಲಲ್ಲೇ ನಿಂತಿದ್ದರು. ಇನ್ನು ಬ್ಯಾನಿಸ್ಟರ್ ಆ ಚಳಿಗಾಲವಿಡೀ ಮಾಡಿದ ಅಭ್ಯಾಸ ಬಹಳ ಸರಳವಾಗಿತ್ತು: 440 ಗಜದ ಓಟ (ಮೈಲಿಯ ಕಾಲು ಭಾಗ, ಅಂದರೆ ಒಂದು ಸುತ್ತು), ಹತ್ತು ಸಲ, ನಡುವೆ ಎರಡು ನಿಮಿಷ ಬಿಡುವು. ಶುರುವಿನಲ್ಲಿ ಒಂದೊಂದಕ್ಕೆ 66 ಸೆಕೆಂಡು ಹಿಡಿಯುತ್ತಿತ್ತು. ತಿಂಗಳುಗಳ ಮೇಲೆ 61ಕ್ಕೆ ಇಳಿದು ಅಲ್ಲೇ ನಿಂತಿತು. ಆಗ ಅವರು ಓಟ ಬಿಟ್ಟು ಕೆಲವು ದಿನ ಬೆಟ್ಟ ಹತ್ತಲು ಹೋದರು, ಮರಳಿ ಬಂದು 59ರಲ್ಲಿ ಓಡಿದರು. ನಾಲ್ಕು ನಿಮಿಷದ ಮೈಲಿಗೆ ಬೇಕಾದದ್ದು ಸುತ್ತಿಗೆ 60 ಸೆಕೆಂಡು. ಆ ವೇಗವನ್ನು ಹತ್ತು ಸಲ ಮೀರಿದ್ದ ಮೇಲೆಯೇ ಅವರು ಸ್ಪರ್ಧೆಯ ಗೆರೆಗೆ ಬಂದು ನಿಂತದ್ದು.

ಹಾಗೆಂದು ಮಾತಿಗೆ ಬೆಲೆಯೇ ಇಲ್ಲವೇ? ಇದೆ, ತನ್ನದೇ ಮಾತಾಗಿದ್ದರೆ ಮತ್ತು ಅದು ಅಭ್ಯಾಸವಾಗಿದ್ದರೆ. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 24 ಜನರ ಪೈಕಿ ಒಂದು ಗುಂಪಿನವರು ತಮಗೆ ಹೊಂದುವ ಸಾಲುಗಳನ್ನು ತಾವೇ ಆರಿಸಿಕೊಂಡು, ಎರಡು ವಾರ ವ್ಯಾಯಾಮದ ನಡುವೆ ಹೇಳಿಕೊಂಡರು. ಸೈಕಲ್ ಮೇಲೆ ಅವರು ತಾಳಿಕೊಂಡ ಹೊತ್ತು ಶೇ. 18ರಷ್ಟು ಹೆಚ್ಚಿತು. ಓಟದ ಸಮಯವೂ ಶೇ. 18 ಸುಧಾರಿಸುತ್ತದೆ ಎಂದು ಇದರರ್ಥವಲ್ಲ. ಸೋಲುವವರೆಗೆ ತುಳಿಯುವುದು ಬೇರೆ, ಗೊತ್ತಾದ ದೂರವನ್ನು ಬೇಗ ಮುಗಿಸುವುದು ಬೇರೆ. ಐದನೇ ಸುತ್ತಿಗೆ ನಾನು ಸೂಚಿಸುವುದು ಷರತ್ತು ಕಟ್ಟಿದ ಒಂದು ಯೋಜನೆಯನ್ನು. ‘ಭುಜ ಏರಿದ್ದು ಗೊತ್ತಾದರೆ, ಕೈ ಸಡಿಲ ಬಿಟ್ಟು ಮುಂದಿನ ತಿರುವಿನವರೆಗೆ ಅವಳ ಬೆನ್ನು ಬಿಡುವುದಿಲ್ಲ.’ ಹೀಗಾದರೆ ಹೀಗೆ ಮಾಡುತ್ತೇನೆ ಎಂದು ಮೊದಲೇ ಗಂಟು ಹಾಕಿಕೊಂಡ ನಿರ್ಧಾರಗಳು ಬರಿಯ ಗುರಿಗಿಂತ ಚೆನ್ನಾಗಿ ಕೈಗೂಡುತ್ತವೆ ಎಂಬುದನ್ನು ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಜರ್ ಅವರ ಸಂಶೋಧನೆಗಳು ತೋರಿಸಿವೆ. ಯೋಚಿಸಲು ತ್ರಾಣವಿಲ್ಲದ ಗಳಿಗೆಯಲ್ಲಿ ಯೋಚನೆ ಮೊದಲೇ ಮುಗಿದಿರುತ್ತದೆ.

ಗೆರೆಯ ಹಿಂದೆ ನಿಂತಾಗಿನ ನಡುಕ, ತಣ್ಣಗಾದ ಬೆರಳು, ಹೊಟ್ಟೆಯ ತಳಮಳ ಇವುಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅಡ್ರಿನಲಿನ್ ರಕ್ತವನ್ನು ಹೊಟ್ಟೆ, ಚರ್ಮಗಳಿಂದ ಸ್ನಾಯುಗಳತ್ತ ತಿರುಗಿಸುತ್ತಿದೆ, ಅಷ್ಟೇ. ಮೈ ಸಜ್ಜಾಗುವುದು ಹೀಗೆಯೇ ಎಂದು ಗೊತ್ತಿದ್ದವರಿಗೆ ಅದು ಸೋಲಿನ ಮುನ್ಸೂಚನೆಯಂತೆ ಕಾಣುವುದಿಲ್ಲ.

ಹದಿಹರೆಯದಲ್ಲಿ ಇನ್ನೊಂದು ತೊಡಕಿದೆ. ಪುರಾವೆ ಕೂಡಿಸಬೇಕಾದ ಮೈಯೇ ಬದಲಾಗುತ್ತಿರುತ್ತದೆ. ಒಂದೇ ತರಗತಿಯ ಇಬ್ಬರು ಹುಡುಗರಲ್ಲಿ ಒಬ್ಬನಿಗೆ ಟೆಸ್ಟೋಸ್ಟೆರಾನ್ ಹಾರ್ಮೋನು ಏರಿ ಸ್ನಾಯು, ರಕ್ತದಲ್ಲಿ ಆಮ್ಲಜನಕ ಒಯ್ಯುವ ಹಿಮೋಗ್ಲೋಬಿನ್ ಎರಡೂ ಹೆಚ್ಚಿರಬಹುದು, ಇನ್ನೊಬ್ಬನಿಗೆ ಅದು ವರ್ಷ ಬಿಟ್ಟು ಆಗಬಹುದು. ಹುಡುಗಿಯರಿಗೆ ಈ ಘಟ್ಟದಲ್ಲಿ ಮೈಯ ಕೊಬ್ಬಿನ ಪಾಲು ಸಹಜವಾಗಿಯೇ ಹೆಚ್ಚುತ್ತದೆ, ಸೊಂಟ ಅಗಲವಾಗುತ್ತದೆ, ಒಂದೆರಡು ವರ್ಷ ಸಮಯ ಸುಧಾರಿಸದೆ ನಿಲ್ಲಬಹುದು, ಹಿಂದೆ ಬೀಳಲೂಬಹುದು. ಕಳೆದ ವರ್ಷ ಗೆದ್ದಿದ್ದವಳು ತನ್ನ ಕಾಲ ಮುಗಿಯಿತೆಂದು ಓಟವನ್ನೇ ಬಿಡುವುದು ಇಂಥ ಹೊತ್ತಿನಲ್ಲಿ. ತೂಕ ಇಳಿಸು ಎಂಬ ಸಲಹೆ ಆಗ ಅಪಾಯಕಾರಿ. ಊಟ ಕಡಿಮೆ ಮಾಡಿ ಓಟ ಹೆಚ್ಚಿಸಿದ ಹುಡುಗಿಗೆ ಮುಟ್ಟು ನಿಂತರೆ, ಅದು ಮೈಗೆ ಬೇಕಾದಷ್ಟು ಶಕ್ತಿ ಸಿಗುತ್ತಿಲ್ಲ ಎಂಬುದರ ಲಕ್ಷಣ. ಮೂಳೆ ತೆಳುವಾಗಿ ಸಣ್ಣ ಬಿರುಕು ಮೂಡುವ ಸಾಧ್ಯತೆಯೂ ಜೊತೆಗೇ ಬರುತ್ತದೆ. ಮೂರು ತಿಂಗಳು ಮುಟ್ಟಾಗದಿದ್ದರೆ ವೈದ್ಯರಿಗೆ ತೋರಿಸಲೇಬೇಕು. ಈ ವರ್ಷಗಳಲ್ಲಿ ಡೈರಿಯಲ್ಲಿ ಸಮಯದ ಪಕ್ಕ ಇನ್ನೂ ನಾಲ್ಕು ವಿಷಯ ಬರೆದಿಡುವುದು ಒಳ್ಳೆಯದು: ಹಿಂದಿನ ರಾತ್ರಿ ಎಷ್ಟು ಹೊತ್ತು ನಿದ್ದೆ ಬಂತು, ಆ ದಿನ ಪರೀಕ್ಷೆ ಇತ್ತೇ, ಮೊದಲ ಸಾವಿರ ಮೀಟರ್ ಎಷ್ಟು ಬೇಗ ಹೋಯಿತು, ಐದನೇ ಸುತ್ತಿನಲ್ಲಿ ಏನು ಮಾಡಿದೆ. ಸೋತ ದಿನದ ಪುಟ ತೆರೆದಾಗ, ಮೊದಲ ಸಾವಿರವನ್ನೇ ಹತ್ತು ಸೆಕೆಂಡು ಹೆಚ್ಚು ವೇಗವಾಗಿ ಓಡಿದ್ದು ಎಷ್ಟೋ ಸಲ ಅಲ್ಲೇ ಸಿಗುತ್ತದೆ, ಮುಂದಿನ ವಾರ ತಿದ್ದಬೇಕಾದದ್ದು ಅದೊಂದನ್ನೇ.